ಲವ್ ಕಾಮಿಡಿ ಸಿನಿಮಾನ ಲಿಸ್ಟ್ ಹಿಡ್ದು ಅಳೀಬೇಕಾ? ಪರ – ವಿರೋಧ

ಬೀದರ್‌ದಾಗ ನಮ್ಮ ಚರ್ಚ್ ಸಭೆಯ ಯೂಥ್‌ನವ್ರಿಗಿ ಒಂದು ಒಳ್ಳೆ ಲವ್ ಕಾಮಿಡಿ ತೋರ್ಸಿ ಆಮ್ಯಾಲ ಚರ್ಚೆ ಇಡೋಣ ಅಂತ ಮಾತಾಯ್ತು. ಆರ್ಸಿದ್ದು 1934ರ ಇಟ್ ಹ್ಯಾಪನ್ಡ್ ಒನ್ ನೈಟ್. ಹಳೇ ಬ್ಲ್ಯಾಕ್ ಅಂಡ್ ವೈಟ್ ಪಿಕ್ಚರ್, ಐದು ಆಸ್ಕರ್ ಬಂದದ್ದು, ಇದಕ್ಕ ಯಾರು ತಕರಾರು ತೆಗಿತಾರ ಅನ್ಕೊಂಡಿದ್ರು. ತೆಗೆದ್ರು. ಸಂಡೇ ಸ್ಕೂಲ್ ತಗೊಳೋ ಅಕ್ಕ ಒಂದು ಕಡಿ, ಯೂಥ್ ನೋಡ್ಕೊಳೋ ಆಕಿ ಕಾಕನ ಮಗ ಇನ್ನೊಂದು ಕಡಿ. ಇಬ್ರೂ ಬರ್ದಿದ್ದು ಹಂಗೇ ಕೊಡ್ಲತ್ತೀವಿ.

ಪರ: ಅಕ್ಕ

ಸಿನಿಮಾ ನೋಡೋದೇ ಪಾಪ ಅನ್ನೋ ಪೈಕಿ ಅಲ್ಲ ನಾ. ನಮ್ಮವ್ವನ ಕಾಲಕ್ಕ ಥೇಟರ್ ಮೆಟ್ಲು ಹತ್ತಿದ್ರ ಸಭೆದಾಗ ಮಾತು ಬರ್ತಿತ್ತು, ಈಗ ಎಲ್ಲರ ಕೈಯಾಗೂ ಫೋನ್ ಅದ, ಬ್ಯಾಡ ಅಂದ್ರ ಕೇಳೋರ್ ಯಾರು. ಬ್ಯಾಡ ಅನ್ಲಾಕ ಆಗಲ್ಲ ಅಂದ್ಮ್ಯಾಲ ಅಳೀಲಾಕ ಒಂದು ಲಿಸ್ಟರೆ ಬೇಕು. ನಂದು ಸಣ್ಣದು: ಮದ್ವಿಗಿ ಏನ್ ಬೆಲಿ ಕೊಟ್ಟಾರ, ಮೈ ಎಷ್ಟು ತೋರ್ಸ್ಯಾರ, ಸುಳ್ಳು, ಕುಡಿತ, ದೇವರ ಹೆಸರು, ತಂದಿತಾಯಿ. ಪಿಕ್ಚರ್ ನೋಡ್ತಾ ಪೆನ್ ಹಿಡ್ಕೊಂಡು ಕೂತ್ರ ಮುಗೀತು.

ಫೈಟ್ ಸಿನಿಮಾಕ್ಕ ಇಷ್ಟು ಹೆದರಲ್ಲ ನಾ. ಅದ್ರಾಗ ಖೂನಿ ನೋಡಿ ಯಾವ ಹುಡುಗನೂ ಖೂನಿ ಮಾಡೋದು ಸರಿ ಅಂತ ಮನಿಗಿ ಬರಲ್ಲ. ಲವ್ ಕಾಮಿಡಿ ಹಂಗಲ್ಲ, ನಗಸ್ತಾ ನಗಸ್ತಾ ನಮ್ಮ ಮನಸ್ಸಿನ ಕಾವಲು ತೆಗೀತದ, ಯಾವ್ದಕ್ಕ ನಕ್ಕಿವಿ ಅದಕ್ಕ ಆಮ್ಯಾಲ ಸಿಟ್ಟು ಬರೋದು ಕಷ್ಟ. ಬೈಬಲ್‌ದಾಗ ಎಫೆಸದವರಿಗೆ ಬರೆದ ಪತ್ರ 5:4ರಾಗ ಪೌಲ ಹೊಲಸು ಜೋಕ್‌ಗೋಳ್ನೂ ಸುಮ್ಕ ಬಿಟ್ಟಿಲ್ಲ.

ಈಗ ಇದೇ ಪಿಕ್ಚರ್ ತಗೋರಿ. ಹುಡುಗಿ ಅಪ್ಪನ ಮಾತು ಮೀರಿ ಒಬ್ಬನ್ನ ಮದ್ವಿ ಆಗ್ಯಾಳ. ಅಪ್ಪ ಕೂಡಿಹಾಕಿದ್ರ ಹಡಗದಿಂದ ಜಿಗಿದು ಮಯಾಮಿದಾಗ ರಾತ್ರಿ ಬಸ್ ಹತ್ತಿ ನ್ಯೂಯಾರ್ಕಿಗಿ ಗಂಡನ ಕಡಿ ಹೊಂಟಾಳ, ಬಸ್ನ್ಯಾಗ ಕೆಲಸ ಹೋಗಿರೋ ಒಬ್ಬ ಪೇಪರ್‌ನವ ಗಂಟು ಬೀಳ್ತಾನ, ಇಬ್ರೂ ಗಂಡಹೆಂಡ್ತಿ ಅಂತ ಸುಳ್ಳು ಹೇಳಿ ಒಂದೇ ರೂಮಿನ್ಯಾಗ ಇರ್ತಾರ. ನಡುವ ಹಗ್ಗ ಕಟ್ಟಿ ಕಂಬಳಿ ಹಾಕ್ಯಾರ, ಒಪ್ಪೀನಿ. ಆದ್ರ ನೋಡೋ ನಾವು ಅರ್ಧ ಪಿಕ್ಚರ್ ಆಗೋದ್ರಾಗ ಏನ್ ಬೇಡ್ಕೊಳ್ತಿರ್ತೀವಿ ಹೇಳ್ರಿ? ಈಕಿ ಆ ಗಂಡನ್ನ ಬಿಟ್ಟು ಇವನ ಕೂಡ ಹೋಗ್ಲಿ ಅಂತ! ಕಾನೂನಿನ್ಯಾಗ ಆ ಮದ್ವಿ ರದ್ದಾಗೋದು ಕಡೀಕ, ನಮ್ಮ ಮನಸ್ಸಿನ್ಯಾಗ ಅದು ಯಾವಾಗೋ ಮುರ್ದಿರ್ತದ. ಕೆಟ್ಟ ಆಸೆಯಿಂದ ನೋಡಿದ್ರೇ ಮನಸ್ಸಿನ್ಯಾಗ ವ್ಯಭಿಚಾರ ಆಯ್ತು ಅಂತ ಮತ್ತಾಯ 5:28 ಹೇಳ್ತದಲ್ಲ, ಅದು ನೋಡೋರಿಗೂ ಹತ್ತಲ್ಲೇನು?

ಲಿಸ್ಟ್ ಹಿಡ್ಯೋದು ಹಳ್ಳಿ ಬುದ್ಧಿ ಅಂತ ನಗ್ತಾರ ನಮ್ಮ ಯೂಥ್‌ನವ್ರು. ಹಾಲಿವುಡ್ಡಿನವ್ರೇ 1930ರಾಗ ಒಂದು ಲಿಸ್ಟ್ ಮಾಡ್ಕೊಂಡಿದ್ರು, ಹೇಸ್ ಕೋಡ್ ಅಂತ. ಬರ್ದವ್ರಾಗ ಡೇನಿಯಲ್ ಲಾರ್ಡ್ ಅನ್ನೋ ಜೆಸ್ವಿಟ್ ಪಾದ್ರಿ ಒಬ್ರು. ಮದ್ವಿ ಮತ್ತ ಮನಿತನದ ಪಾವಿತ್ರ್ಯ ಕಾಯಬೇಕು ಅಂತ ಅದ್ರಾಗ ಚೊಕ್ಕ ಬರ್ದದ. 1934ರ ನಡುವಿನಿಂದ ಬಿಗಿ ಆಯ್ತು, 1968ರಾಗ ರೇಟಿಂಗ್ ಬರೋತನಕ ನಡೀತು. ಆ ಬಿಗಿ ಇದ್ದ ವರ್ಷದಾಗೇ ಅಮೆರಿಕದವ್ರ ಒಳ್ಳೊಳ್ಳೆ ಲವ್ ಕಾಮಿಡಿ ಬಂದಾವ. ನಮ್ಮ ಸರ್ಕಾರದ ಸರ್ಟಿಫಿಕೇಟ್ ನಂಬ್ಕೊಂಡು ಕೂಡ್ಲಾಕ ಆಗಲ್ಲ, 2023ರ ತಿದ್ದುಪಡಿ ಮ್ಯಾಲ ಯು/ಎ ಒಳಗ 7, 13, 16 ಅಂತ ವಯಸ್ಸು ಹಾಕ್ಯಾರ, ಛಲೋ ಆಯ್ತು, ಆದ್ರ ಅದು ವಯಸ್ಸು ಹೇಳ್ತದ, ಭಕ್ತಿ ಕಟ್ತದೋ ಕೆಡಸ್ತದೋ ಹೇಳಲ್ಲ. ಎಲ್ಲಾ ಮಾಡ್ಬಹುದು, ಎಲ್ಲಾ ಕಟ್ಟಲ್ಲ ಅಂತ 1 ಕೊರಿಂಥ 10:23ರಾಗೇ ಅದ.

ಇನ್ನೊಂದು, ಇದು ನಂಗ ಖರೇ ಹೆದ್ರಿಕಿ. ಆಕಿ ಮಯಾಮಿ ಬಸ್ ಹತ್ತಿದ್ರ ಕಾಮಿಡಿ. ನಮ್ಮ ಹುಡುಗಿ ಯಾರಿಗೂ ಹೇಳದ ಹೈದರಾಬಾದ್ ಬಸ್ ಹತ್ತಿದ್ರ ಯಾರೂ ನಗಲ್ಲ, ಮರುದಿನದಿಂದ ಆಕಿ ತಂಗಿ ಕಾಲೇಜ್ ಬಂದ್.

ವಿರೋಧ: ತಮ್ಮ

ಅಕ್ಕ, ನಿನ್ನ ಕಂಬಳಿಯಿಂದಾನೇ ಶುರು ಮಾಡ್ತೀನಿ. ಆ ಕಂಬಳಿಗಿ ಹೀರೋ ಇಟ್ಟ ಹೆಸರು ಯೆರಿಕೋ ಗೋಡಿ. ಯೆಹೋಶುವನ ಪುಸ್ತಕ ಆರನೇ ಅಧ್ಯಾಯ, ತುತ್ತೂರಿ ಊದಿದ್ರ ಊರಿನ ಗೋಡಿ ಬಿದ್ದ ಕಥಿ, ನೀನೇ ನಮಗ ಸಣ್ಣಾವ್ರಿದ್ದಾಗ ಕಲಿಸಿದ್ದು. ಕಡೀ ಸೀನ್‌ದಾಗ ಇಬ್ರದು ಮದ್ವಿ ಆದ್ಮ್ಯಾಲೇ ಆಟದ ತುತ್ತೂರಿ ಊದ್ತಾರ, ಆವಾಗ್ಲೇ ಗೋಡಿ ಬೀಳ್ತದ. ಇದು ತೆರಿಗಿ ಬಂದಿದ್ದು 1934ರ ಫೆಬ್ರವರಿ, ನಿನ್ನ ಹೇಸ್ ಕೋಡ್ ಬಿಗಿ ಆಗೋಕಿಂತ ಮೊದ್ಲು. ಮದ್ವಿ ಆಗೋತನಕ ಗೋಡಿ ಬೀಳಬಾರ್ದು ಅನ್ನೋ ಕಥಿನ ಬಡಿಗಿ ಹಿಡ್ಕೊಂಡು ನಿಂತು ಯಾರೂ ಬರಸಿಲ್ಲ.

ನಿನ್ನ ಲಿಸ್ಟ್ ಹಿಡ್ಕೊಂಡು ನಾ ಬೈಬಲ್ ಓದಿದೆ. ರೂತ್ ರಾತ್ರಿ ಹೊತ್ತು ಸ್ನಾನ ಮಾಡಿ, ಎಣ್ಣಿ ಹಚ್ಕೊಂಡು, ಅತ್ತಿ ಮಾತು ಕೇಳಿ ಕಣದಾಗ ಮಲಗಿದ್ದ ಬೋವಜನ ಕಾಲಹತ್ರ ಹೋಗಿ ಮಲಗ್ತಾಳ: ಫೇಲ್. ಯಾಕೋಬ ರಾಹೇಲಗಾಗಿ ಏಳು ವರ್ಷ ದುಡೀತಾನ, ಮಾವ ಲೇಯಳ್ನ ಕೊಟ್ಟು ಮೋಸ ಮಾಡ್ತಾನ, ಮತ್ತ ಏಳು ವರ್ಷ: ಸುಳ್ಳು ಒಂದು, ಹೆಂಡ್ತಿ ಎರಡು, ಫೇಲ್. ಪರಮಗೀತ ಅಂತೂ ಇಡೀ ಪ್ರೇಮದ ಹಾಡೇ, ಅದ್ರ ಮಾತೇ ಬ್ಯಾಡ. ಬೈಬಲ್ ಇದ್ನೆಲ್ಲಾ ಹೇಳ್ತದ, ಆದ್ರ ಸರಿ ಅನ್ನಲ್ಲ ಅಂತಿ ನೀ, ಗೊತ್ತು. ಅದನ್ನೇ ನಾನೂ ಅನ್ನೋದು, ಕಥಿ ಏನ್ ತೋರಸ್ತದ ಅನ್ನೋದು ಎಣಿಸ್ಕೊಂತ ಕೂಡೋಕಿಂತ ಅದು ಯಾರಿಗಿ ಬಹುಮಾನ ಕೊಡ್ತದ ನೋಡು. ಇಲ್ಲಿ ಹುಡುಗಿ ಅಪ್ಪ ಹತ್ತು ಸಾವಿರ ಡಾಲರ್ ಇನಾಮು ಇಟ್ಟಾನ. ಹೀರೋ ಬಂದು ನಂಗ ಅದು ಬ್ಯಾಡ, ದಾರ್ಯಾಗ ಖರ್ಚಾಗಿದ್ದು 39 ಡಾಲರ್ 60 ಸೆಂಟ್, ಅಷ್ಟೇ ಕೊಡ್ರಿ ಅಂತಾನ. ಅಷ್ಟು ಹೊತ್ತು ಇವನೂ ರೊಕ್ಕಕ್ಕ ಬಂದವ್ನೇ ಅನ್ಕೊಂಡಿದ್ದ ಅಪ್ಪ ಅಲ್ಲೇ ತಣ್ಣಗಾಗ್ತಾನ. ನಿನ್ನ ಲಿಸ್ಟಿನ್ಯಾಗ ಇದಕ್ಕ ಜಾಗ ಎಲ್ಲದ?

ಮತ್ತ ನಿನ್ನ ಲಿಸ್ಟ್ ಆರಾಮ ಪಾಸ್ ಮಾಡೋ ನಮ್ಮ ಪಿಕ್ಚರ್‌ಗೋಳು ನೋಡು. ಕನ್ನಡ ಇರ್ಲಿ ತೆಲುಗು ಇರ್ಲಿ, ಮುತ್ತಿಲ್ಲ, ಕುಡಿತಿಲ್ಲ, ಯು ಸರ್ಟಿಫಿಕೇಟ್, ಇಡೀ ಮನಿತನ ಕೂಡಿ ನೋಡ್ತಾರ. ಹೀರೋ ಇಂಟರ್ವಲ್‌ತನಕ ಒಲ್ಲೆ ಅಂದ ಹುಡುಗಿ ಬೆನ್ನು ಹತ್ತಿ ಬಸ್‌ಸ್ಟಾಪು, ಕಾಲೇಜು, ಗುಡಿ ಎಲ್ಲಾ ತಿರುಗ್ತಾನ, ಕಡೀಕ ಆಕಿ ಹ್ಞೂಂ ಅಂತಾಳ. 2013ರಿಂದ ಇದು ಅಪರಾಧ, ಮೊದಲು ಐಪಿಸಿ 354ಡಿ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆ 78. ಪ್ರೀತಿ ತನ್ನ ಹಟ ಸಾಧಿಸಲ್ಲ ಅನ್ನೋ 1 ಕೊರಿಂಥ 13 ನಮ್ಮ ಎಲ್ಲಾ ಮದ್ವಿದಾಗ ಓದ್ತೀವಿ, ಥೇಟರ್‌ದಾಗ ಮಾತ್ರ ಸೀಟಿ ಹೊಡೀತೀವಿ. ನಡುವ ಒಬ್ಬ ತೊದಲೋನು, ಒಬ್ಬಾಕಿ ದಪ್ಪ ಹುಡುಗಿ, ಒಬ್ಬಾಕಿ ಕಪ್ಪು ಹುಡುಗಿ, ಇವ್ರನ್ನ ಇಟ್ಟಿದ್ದೇ ಹಾಸ್ಯಕ್ಕ. ಮತ್ತಾಯ 5:28 ನಮ್ಮ ಸಭೆದಾಗ ಎಲ್ಲರಿಗೂ ಬಾಯಿಪಾಠ. ತಮ್ಮನಿಗಿ ಮೂರ್ಖ ಅಂದ್ರ ನರಕಕ್ಕ ಪಾತ್ರ ಅನ್ನೋ 5:22 ಅದೇ ಪುಟದಾಗ ಅದ, ಅದ್ರ ಮ್ಯಾಲ ಯೂಥ್‌ದಾಗ ಯಾರೂ ಮಾತಾಡಿದ್ದು ನಾ ಕೇಳಿಲ್ಲ.

ನಂಗ ಈ ಪಿಕ್ಚರ್ ಭಾಳ ಸೇರ್ತದ, ಆದ್ರ ಅದ್ರಾಗ ಒಂದು ಹೊಲಸು ಅದ, ಅದು ನಿನ್ನ ಪೆನ್ನಿಗಿ ಸಿಕ್ಕೇ ಇಲ್ಲ. ಹೀರೋ ಹುಡುಗಿನ ಹೆಗಲ ಮ್ಯಾಲ ಹೊತ್ಕೊಂಡು ಹಳ್ಳ ದಾಟೋವಾಗ ಹಿಂದಿನಿಂದ ಒಂದು ಬಾರಸ್ತಾನ. ಕಡೀಕ ಅವ್ರಪ್ಪನ ಮುಂದ, ಇಂಥಾಕಿಗಿ ತಪ್ಪಿರ್ಲಿ ಬಿಡ್ಲಿ ದಿನಕ್ಕೊಂದು ಏಟು ಹಾಕೋ ಗಂಡಸು ಬೇಕು ಅಂತಾನ. ಅಪ್ಪನಿಗಿ ಅದು ಕೇಳಿ ಹುಡುಗ ಇನ್ನೂ ಸೇರ್ತಾನ! ಕಂಬಳಿ, ಸುಳ್ಳು ಹೆಸರು, ಆಕಿ ರೋಡಿನ್ಯಾಗ ಲಂಗ ಎತ್ತಿ ಕಾಲು ತೋರ್ಸಿ ಕಾರು ನಿಲ್ಸಿದ್ದು, ಎಲ್ಲಾ ಬರ್ಕೊಂಡಿ ನೀ, ಹೊಡೀತೀನಿ ಅಂದಿದ್ದು ಬರ್ಕೊಂಡಿಲ್ಲ. ಯಾಕಂದ್ರ ಅದು ನಮಗ ಹೊಸಾದಲ್ಲ. ಕುಡ್ದು ಬಂದು ಹೆಂಡ್ತಿಗಿ ಹೊಡ್ಯೋನು ಆದಿತ್ಯವಾರ ಮುಂದಿನ ಬೆಂಚಿನ್ಯಾಗ ಕೂತಿದ್ರೂ ಅವನ ಕುಡಿತಕ್ಕ ಪ್ರಾರ್ಥನೆ ಮಾಡ್ತೀವಿ, ಹೊಡ್ತಕ್ಕ ಅಲ್ಲ. ಹೆಂಡತಿಯರ ಕೂಡ ಕಠೋರ ಇರಬ್ಯಾಡ್ರಿ ಅಂತ ಕೊಲೊಸ್ಸೆ 3:19 ಹೇಳ್ತದ. ಹಂಗಾದ್ರ ಅದನ್ನೂ ಲಿಸ್ಟಿಗಿ ಸೇರ್ಸು ಅಂತಿ. ಸೇರ್ಸು, ಆದ್ರ ನಾಳಿ ಇನ್ನೊಂದು ಬಿಟ್ಟೇ ಹೋಗ್ತದ, ಯಾಕಂದ್ರ ನಾವು ಲಿಸ್ಟಿಗಿ ಹಾಕೋದು ನಮಗ ಮೊದ್ಲೇ ನಾಚ್ಕಿ ಬರೋವಷ್ಟೇ. ಅದಕ್ಕ ಹುಡುಗ್ರ ಕೂಡ ಕೂತು ನೋಡಿ, ಅಲ್ಲಿ ಯಾಕ ನಕ್ಕಿ ಅಂತ ಕೇಳೋದು ಮೇಲು.

ಗಂಡನ್ನ ಬಿಟ್ಟು ಇವನ ಕೂಡ ಹೋಗ್ಲಿ ಅಂತ ನಾವೇ ಬೇಡ್ತೀವಿ ಅಂದಿಯಲ್ಲ, ಅದಕ್ಕ ನನ್ನ ಕಡಿ ಪೂರಾ ಉತ್ತರ ಇಲ್ಲ, ಹತ್ತನೇ ಕ್ಲಾಸಿನ ಕೆಳಗಿನವ್ರಿಗಿ ಬ್ಯಾಡ ಅಂದ್ರ ಒಪ್ತೀನಿ. ಹೈದರಾಬಾದ್ ಬಸ್ಸಿಂದು ಮಾತ್ರ ಒಪ್ಪಲ್ಲ. ಪಿಕ್ಚರ್‌ದಾಗ ಅದೇ ಗಂಡನ ಕೂಡ ಎಲ್ಲರ ಮುಂದ ಮತ್ತೊಮ್ಮೆ ಇಟ್ಟ ಮದ್ವಿ ದಿನ ಆ ಅಪ್ಪ ಮಗಳ ರೂಮಿಗಿ ಬಂದು, ಏನಾಗ್ಯದ, ಬೇರೆ ಯಾರರೆ ಮನಸ್ಸಿನ್ಯಾಗ ಅದಾರೇನು ಅಂತ ಕೇಳ್ತಾನ, ಆಕಿ ಅಳ್ತಾಳ. ಆಮ್ಯಾಲ ಮಂದಿ ನಡುವ ಕೈ ಹಿಡ್ದು ನಡಿಸ್ಕೊಂಡು ಹೋಗೋವಾಗ ಕಿವ್ಯಾಗ ಹೇಳ್ತಾನ, ಆ ಪೇಪರ್‌ನವ ಛಲೋನು, ಮನಸ್ಸು ಬದಲಾದ್ರ ಗೇಟಿನ ಹತ್ರ ನಿನ್ನ ಕಾರ್ ನಿಂತದ ಅಂತ. ನಮ್ಮಲ್ಲಿ ಹಾಗೆ ಕೇಳಿದ ಅಪ್ಪ ಎಷ್ಟು ಮಂದಿ ಅದಾರ? ಯೂಥ್‌ನವ್ರಿಗಿ ತೋರ್ಸಬ್ಯಾಡ ಅಂದ್ರ ಬಿಡ್ತೀನಿ ಅಕ್ಕ, ಆದ್ರ ಅವ್ರ ಅಪ್ಪಂದ್ರನ್ನ ಒಂದ್ಸಲ ಕೂಡ್ಸಿ ತೋರ್ಸು.