ಬಂದರಿನ ಲೆಕ್ಕ ಆಪ್‌ಗೆ ಕೊಡ್ಬೇಕಾ? ಪರ – ವಿರೋಧ

ಮಂಗ್ಳೂರಿನ ಪಣಂಬೂರಿನ ಹಾಗೆ ಕಲ್ಲಿದ್ದಲು, ಗೊಬ್ಬರ, ಮರದ ದಿಮ್ಮಿ, ಗ್ರಾನೈಟ್, ಎಣ್ಣೆ, ಕಂಟೇನರ್ ಎಲ್ಲ ಬರುವ ಬಂದರಲ್ಲಿ ಕೆಲ್ಸವನ್ನೆಲ್ಲ ಮೊಬೈಲ್ ಆಪ್‌ಗೆ, ಹಡಗಿನ ಮಾಲು ಇಳಿಸಿ ಏರಿಸುವ ಜಾಗದ (ಟರ್ಮಿನಲ್) ಸಾಫ್ಟ್‌ವೇರಿಗೆ ಒಪ್ಪಿಸ್ಬೇಕಾ? ಕಾಸರಗೋಡು ಕಡೆಯಿಂದ ಅಲ್ಲಿಗೆ ಕೆಲ್ಸಕ್ಕೆ ಹೋಗುವ ಇಬ್ಬರು ಬರ್ದಿದ್ದಾರೆ. ಒಬ್ರು ಉಪ್ಪಳದವರು, ಬಂದರಿಂದ ಮಾಲು ಬಿಡಿಸಿ ಕೊಡುವ ಕ್ಲಿಯರಿಂಗ್ ಏಜೆಂಟ್ ಆಫೀಸಿನವರು. ಇನ್ನೊಬ್ರು ಮಂಜೇಶ್ವರದವರು, ಮೊದ್ಲು ಮಾಲು ಎಣಿಸಿ ಬರೆಯುವ ಟ್ಯಾಲಿ ಕ್ಲರ್ಕ್, ಈಗ ಲಾರಿ ಸೂಪರ್‌ವೈಸರ್.

ಪರ

ನಮ್ಮ ಆಫೀಸಿಗೆ ಬರುವ ಫೋನಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಬಂದರಲ್ಲಿ ಮಾಲು ಬಾಕಿ ಎಷ್ಟುಂಟು? ಮಾಲಿನ ಪಾರ್ಟಿಯವ್ರು ಕೇಳ್ತಾರೆ, ಲಾರಿಯವ್ರು ಕೇಳ್ತಾರೆ, ಬ್ಯಾಂಕಿನವ್ರೂ ಕೇಳ್ತಾರೆ. ಇದಕ್ಕೆ ಉತ್ತರ ಹೇಳ್ಲಿಕ್ಕೆ ನಾವು ಸಂಜೆವರೆಗೆ ಕಾಯ್ಬೇಕು, ಯಾಕಂದ್ರೆ ಟ್ಯಾಲಿ ಶೀಟ್ ಶೆಡ್ಡಿಂದ ಬರ್ಬೇಕು, ಲಾರಿ ತೂಗುವ ಕಾಟದ ಚೀಟಿಗಳ ಕಟ್ಟು ಬೇರೆ ಬರ್ಬೇಕು, ಮತ್ತೆ ನಮ್ಮ ಹುಡುಗ ಎಕ್ಸೆಲ್‌ನಲ್ಲಿ ಹೊಡ್ದು ಕೂಡಿಸ್ಬೇಕು, ಕೂಡಿಸಿದ ಮೇಲೆ ಮೂರೂ ಲೆಕ್ಕ ಮೂರು ದಿಕ್ಕಿಗೆ ಹೋಗಿರ್ತದೆ. ಅಷ್ಟೊತ್ತಿಗೆ ಮರುದಿನದ ಲಾರಿ ಆಗ್ಲೇ ಮಂಗ್ಳೂರು ದಾಟಿರ್ತದೆ.

ಮಿಶ್ರ ಸರಕಿನ ಬಂದರಿನ ನಿಜವಾದ ತಲೆನೋವು ಇದೇ. ಕಂಟೇನರ್‌ನಲ್ಲಿ ಇಂಥ ಪಿರಿಪಿರಿ ಕಮ್ಮಿ, ಅದಕ್ಕೆ ನಾಲ್ಕು ಅಕ್ಷರ ಏಳು ಅಂಕೆಯ ನಂಬ್ರ ಉಂಟು, ಕಡೇ ಅಂಕೆ ಉಳಿದದ್ದನ್ನು ಸರಿ ಉಂಟಾ ಅಂತ ಪರೀಕ್ಷೆ ಮಾಡ್ಲಿಕ್ಕೇ ಇರುವಂಥದ್ದು, ತಪ್ಪು ಹೊಡೆದ್ರೆ ಸಿಸ್ಟಮ್ಮು ತಕ್ಷಣ ಬೇಡ ಅನ್ತದೆ. ಗೊಬ್ಬರದ್ದು ನೋಡಿ. ಹಡಗಿನ ಹೊಟ್ಟೆಯ ಹೋಲ್ಡ್‌ನಲ್ಲಿರುವಾಗ ಅದರ ತೂಕ ತೆಗೆಯುವುದು ಡ್ರಾಫ್ಟ್ ಸರ್ವೇಯಲ್ಲಿ, ಅಂದ್ರೆ ಹಡಗು ನೀರಲ್ಲಿ ಎಷ್ಟು ಮುಳುಗಿದೆ ಅಂತ ಎದುರು, ನಡು, ಹಿಂದೆ ಎರಡೂ ಬದಿಯ ಗುರುತು ಓದಿ, ಹಡಗು ವಾಲದ ಹಾಗೆ ತುಂಬಿದ ಬ್ಯಾಲಾಸ್ಟ್ ನೀರು, ಡೀಸೆಲು ಎಲ್ಲ ಕಳ್ದು ಹಾಕುವ ಲೆಕ್ಕ. ನೆಲಕ್ಕೆ ಇಳಿದ ಮೇಲೆ ಅದೇ ಮಾಲಿಗೆ ಕಾಟದ ತೂಕ. ಚೀಲಕ್ಕೆ ತುಂಬಿದ ಮೇಲೆ ಟನ್ ಹೋಯ್ತು, ಚೀಲದ ಲೆಕ್ಕ ಬಂತು, ಯೂರಿಯಾ ಆದ್ರೆ 2018ರಿಂದ 45 ಕೆಜಿಯ ಚೀಲ, ಮೊದ್ಲು 50 ಇತ್ತು. ಮಾಲು ಒಂದೇ, ಹಡಗಿನವ್ರು ಮಾಲಿಗೆ ಕೊಡುವ ರಶೀದಿ, ಬಿಲ್ ಆಫ್ ಲೇಡಿಂಗೂ ಒಂದೇ, ಆದ್ರೆ ಅಳತೆ ಮೂರು. ಮರ ಆದ್ರೆ ಪೀಸ್ ಲೆಕ್ಕ ಒಂದು, ಕ್ಯೂಬಿಕ್ ಮೀಟರ್ ಒಂದು. ಇದನ್ನೆಲ್ಲ ಕಾಗದದಲ್ಲಿ ಕೂಡಿ ಕಳೆಯುವುದೇ ದೊಡ್ಡ ಸಾಹಸ.

ಟರ್ಮಿನಲ್ ಸಾಫ್ಟ್‌ವೇರ್ ಅಂದ್ರೆ ಕಂಟೇನರಿಗೆ ಮಾತ್ರ ಅಂತ ಹೇಳುವವ್ರು ಉಂಟು, ಅದು ಹಳೇ ಮಾತು. ನ್ಯೂಜಿಲೆಂಡಿನ ಜೇಡ್ ಅನ್ನುವ ಕಂಪೆನಿ ಮಾಸ್ಟರ್ ಟರ್ಮಿನಲ್ ಅಂತ ಒಂದು ಮಾಡಿದ್ದೇ ಮಿಶ್ರ ಸರಕಿನ ಬಂದರುಗಳಿಗಾಗಿ. ಇಂಥದ್ರಲ್ಲಿ ಒಂದು ಬಿಲ್ ಆಫ್ ಲೇಡಿಂಗ್ ಅಡಿಯಲ್ಲಿ ಲಾರಿ ಹೊರಗೆ ಹೋದ ಹಾಗೆ ಬಾಕಿ ತನ್ನಿಂದ ತಾನೇ ಇಳಿತಾ ಹೋಗ್ತದೆ, ಕಾಟವನ್ನು ನೇರ ಸಿಸ್ಟಮ್ಮಿಗೆ ಜೋಡಿಸಿದ್ರೆ ತೂಕವನ್ನು ಕೈಯಲ್ಲಿ ಬರೆಯುವ ಕೆಲ್ಸವೇ ಇಲ್ಲ. ಕೈಯಲ್ಲಿ ಬರೆಯುವ ಕಾಟದಲ್ಲಿ ಎಂತೆಂತ ಆಗ್ತದೆ ಅಂತ ನಾನು ಬಾಯಿ ಬಿಟ್ಟು ಹೇಳ್ಬೇಕಾ ಮಾರಾಯ್ರೆ, ಖಾಲಿ ಲಾರಿಯ ತೂಕ ಒಂದು ಸಲ ಬರ್ದದ್ದು ವರ್ಷಗಟ್ಟಲೆ ಅದೇ ಓಡ್ತದೆ, ಟೈರು ಬದ್ಲಿಸಿದ್ರೂ ಬಾಡಿ ಬದ್ಲಿಸಿದ್ರೂ ಅದೇ ತೂಕ.

ಇನ್ನೊಂದು, ನನ್ನ ಪ್ರಕಾರ ಇದೇ ಮುಖ್ಯ, ಟೈಮಿನ ವಿಷಯ. ಮಾಲು ಬಾಡಿಗೆ ಇಲ್ಲದ ಫ್ರೀ ದಿನ ದಾಟಿ ಯಾರ್ಡಲ್ಲಿ ಬಿದ್ದಿದ್ರೆ ಬಾಡಿಗೆ ಬೀಳ್ತದೆ, ಲಾರಿ ಒಳಗೆ ನಿಂತ್ರೆ ಲಾರಿಯವನಿಗೆ ನಷ್ಟ. ತಡ ಮಾಡಿದ್ದು ಯಾರು? ಮಾಲು ತುಂಬುವ ಲೋಡರ್ ಇಲ್ಲ ಅಂತ ಕಾದದ್ದಾ, ಕಸ್ಟಮ್ಸಿನ ಬಿಡುಗಡೆ (ಔಟ್ ಆಫ್ ಚಾರ್ಜ್) ಆಗ್ಲಿಲ್ವಾ, ಏಜೆಂಟು ಮಾಲು ಕೊಡಿ ಅನ್ನುವ ಡೆಲಿವರಿ ಆರ್ಡರ್ ತರ್ಲಿಲ್ವಾ? ಕಾಗದದ ಕಾಲದಲ್ಲಿ ಇದಕ್ಕೆ ಉತ್ತರ ಗಟ್ಟಿ ಸ್ವರದಲ್ಲಿ ಮಾತಾಡುವವ್ರ ಹತ್ರ ಇರ್ತದೆ, ಎರಡು ಲಾರಿ ಇಟ್ಕೊಂಡ ಕುಂಬಳೆಯ ಓನರಿಗೆ ಅಷ್ಟು ಸ್ವರ ಎಲ್ಲಿಂದ. ಗೇಟ್ ಇನ್, ಲೋಡ್ ಶುರು, ಲೋಡ್ ಮುಗಿದದ್ದು, ಗೇಟ್ ಔಟ್, ನಾಲ್ಕು ಟೈಮು ಆಪ್‌ನಲ್ಲಿ ಬಿದ್ದಿದ್ರೆ ಅವನು ಅದನ್ನೇ ತೋರಿಸಿ ಕಾದದ್ದಕ್ಕೆ ಬಾಡಿಗೆ ಕೇಳ್ಬಹುದು.

ನಮ್ಮ ಊರಿನವ್ರಿಗೆ ಇದೆಲ್ಲ ಹೊಸತೂ ಅಲ್ಲ. ಮಂಜೇಶ್ವರದ ಗಡಿ ಚೆಕ್‌ಪೋಸ್ಟಿನ ಲಾರಿ ಸಾಲು ಯಾರಿಗೆ ಮರೆತಿದೆ? 2017ರಲ್ಲಿ ಜಿಎಸ್‌ಟಿ, 2018ರಲ್ಲಿ ರಾಜ್ಯದಿಂದ ರಾಜ್ಯಕ್ಕೆ ಮಾಲು ಸಾಗಿಸ್ಲಿಕ್ಕೆ ಆನ್‌ಲೈನಲ್ಲಿ ತೆಗೆಯುವ ಇ-ವೇ ಬಿಲ್, 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯ, ಪ್ರತಿ ಸಲವೂ ಇದು ಬಡವನ ಹೊಟ್ಟೆಗೆ ಹೊಡೀತದೆ ಅಂತ ಹೇಳಿದವ್ರೇ ಈಗ ತಲಪಾಡಿ ಟೋಲಲ್ಲಿ ಟ್ಯಾಗ್ ಓದ್ಲಿಕ್ಕೆ ಅರ್ಧ ನಿಮಿಷ ಜಾಸ್ತಿಯಾದ್ರೆ ಹಾರ್ನ್ ಹೊಡೀತಾರೆ. ಕೇಂದ್ರದವ್ರೂ 2018ರಲ್ಲಿ ಬಂದರಿನ ಕಾಗದಪತ್ರವನ್ನು ಆನ್‌ಲೈನಲ್ಲಿ ಮಾಡುವ ಪಿಸಿಎಸ್‌1ಎಕ್ಸ್ ತಂದ್ರು, ಆಮೇಲೆ 2023ರಲ್ಲಿ ನ್ಯಾಷನಲ್ ಲಾಜಿಸ್ಟಿಕ್ಸ್ ಪೋರ್ಟಲಿನ ಸಮುದ್ರದ ಭಾಗ, ಅದರದ್ದೇ ಮೊಬೈಲ್ ಆಪ್ ಸಾಗರ್ ಸೇತು. ಹಡಗು ಎಲ್ಲಿದೆ, ಚಾರ್ಜ್ ಎಷ್ಟು ಅಂತ ಕೂತಲ್ಲೇ ನೋಡ್ಲಿಕ್ಕೆ ಆಗ್ತದೆ. ಮೇಲಿನ ಹಂತ ಇಷ್ಟು ಮುಂದೆ ಬಂದ ಮೇಲೆ ಶೆಡ್ಡಿನ ಬಾಗಿಲಲ್ಲಿ ಮಾತ್ರ ಕಾರ್ಬನ್ ಪೇಪರ್ ಇಟ್ಕೊಂಡು ಕೂತ್ರೆ ಹೇಗೆ?

ಗೇರುಬೀಜದ ಗೋಣಿ ಒದ್ದೆಯಾಗಿ ಬಂದ್ರೆ, ಹರಿದು ಬಂದ್ರೆ ಅಲ್ಲೇ ಫೋಟೋ, ಅಲ್ಲೇ ಟೈಮು, ಸರ್ವೇಯರಿಗೂ ಇನ್ಶೂರೆನ್ಸಿಗೂ ಅದೇ ಸಾಕ್ಷಿ. ಇದನ್ನು ಬೇಡ ಅನ್ನುವವ್ರು ಯಾರು ಅಂತ ಸ್ವಲ್ಪ ಯೋಚ್ನೆ ಮಾಡಿ.

ಆಪ್‌ನ ಭಾಷೆ ಡ್ರೈವರಿಗೆ ಅರ್ಥ ಆಗುವುದಿಲ್ಲ ಅನ್ನುವ ತಕರಾರು ಮಾತ್ರ ನಾನು ಒಪ್ತೇನೆ, ಡ್ರೈವರ್ ನೋಡುವ ಪುಟ ಕನ್ನಡ, ಮಲಯಾಳಂ, ತಮಿಳು, ಹಿಂದಿ ಎಲ್ಲದ್ರಲ್ಲೂ ಇರ್ಬೇಕು, ಏಳು ಭಾಷೆಯ ಊರಿನವ ನಾನು, ಇದು ಆಗದ ಕೆಲ್ಸ ಅಂತ ಹೇಳಿದ್ರೆ ನಂಬುವುದಿಲ್ಲ. ಮತ್ತೆ ಎಲ್ಲ ಒಂದೇ ದಿನ ತರ್ಬೇಕಂತಲೂ ಇಲ್ಲ. ಮೊದ್ಲು ಕಾಟ ಮತ್ತು ಬಾಕಿ ಲೆಕ್ಕ, ಅದು ಕೂತ ಮೇಲೆ ಗೇಟ್ ಪಾಸ್, ಲಾರಿ ಬರುವ ಟೈಮನ್ನು ಮೊದ್ಲೇ ಕಾದಿರಿಸುವ ಸ್ಲಾಟ್ ಬುಕಿಂಗ್ ಕಡೆಗೆ. ಉಲ್ಟಾ ಹೋದ್ರೆ, ಅಂದ್ರೆ ಡ್ರೈವರಿಂದ್ಲೇ ಶುರು ಮಾಡಿದ್ರೆ, ಜನ ಉಗೀತಾರೆ, ಆಗ ಒಳ್ಳೇ ಸಾಫ್ಟ್‌ವೇರೂ ಹಾಳಾಗ್ತದೆ.

ವಿರೋಧ

ಉಪ್ಪಳದವ್ರು ಬರೆದದ್ರಲ್ಲಿ ಬಾಕಿ ಲೆಕ್ಕದ ಕಷ್ಟ ಸುಳ್ಳಲ್ಲ. ಆದ್ರೆ ಮೂರು ಲೆಕ್ಕ ಮೂರು ದಿಕ್ಕಿಗೆ ಹೋಗ್ತದೆ ಅಂತ ಅವ್ರು ಬೇಜಾರು ಮಾಡ್ಕೊಳ್ಳುವುದುಂಟಲ್ಲ, ನನ್ನ ಪ್ರಕಾರ ಬಂದರಲ್ಲಿ ಕಳ್ಳತನ, ತಪ್ಪು ಸಿಕ್ಕಿಬೀಳುವುದೇ ಆ ವ್ಯತ್ಯಾಸದಿಂದ. ಹಡಗಿನ ಕಡೆಯವ್ರದ್ದು ಒಂದು ಟ್ಯಾಲಿ, ದಡದ ಕಡೆಯವ್ರದ್ದು ಇನ್ನೊಂದು. ಇಬ್ಬರೂ ಬೇರೆ ಬೇರೆ ನಿಂತು ಎಣಿಸ್ತಾರೆ, ಶಿಫ್ಟ್ ಮುಗಿದಾಗ ಶೀಟ್ ತಾಳೆ ನೋಡ್ತಾರೆ, ಕೂಡಿ ಬರದಿದ್ರೆ ಜಗಳ, ಜಗಳದಲ್ಲಿ ಸತ್ಯ ಹೊರಗೆ ಬರ್ತದೆ. ಈಗ ಕೈಯಲ್ಲಿ ಹಿಡಿಯುವ ಮೆಷಿನ್ (ಹ್ಯಾಂಡ್‌ಹೆಲ್ಡ್) ಒಂದೇ ಕೊಟ್ಟು ಒಬ್ಬನೇ ಒತ್ತಿದ್ರೆ ಸಾಕು ಅಂದ್ರೆ ಲೆಕ್ಕ ಒಂದೇ ಆಗ್ತದೆ, ಎಲ್ಲರ ಸ್ಕ್ರೀನಲ್ಲೂ ಅದೇ ಲೆಕ್ಕ ಕಾಣ್ತದೆ, ಚಂದ ಉಂಟು. ಅವನು ಕ್ರೇನ್ ಎತ್ತುವ ಎರಡು ಕಟ್ಟು (ಸ್ಲಿಂಗ್) ಬಿಟ್ಟು ಒತ್ತಿದ್ರೆ ಆ ತಪ್ಪೂ ಎಲ್ಲರ ಸ್ಕ್ರೀನಲ್ಲಿ ಚಂದವಾಗಿ ಕಾಣ್ತದೆ, ತಪ್ಪು ಅಂತ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ದಿಮ್ಮಿ ಇಳಿಸುವುದನ್ನು ಹತ್ರದಿಂದ ನೋಡಿದವ್ರಿಗೆ ನಾನು ಹೇಳುವುದು ಅರ್ಥ ಆಗ್ತದೆ. ದಿಮ್ಮಿಯ ತುದಿಯಲ್ಲಿ ಪೈಂಟಲ್ಲಿ ಬರೆದ ನಂಬ್ರ ಇರ್ತದೆ, ಕೆಲವದಕ್ಕೆ ಪ್ಲಾಸ್ಟಿಕ್ ಬಿಲ್ಲೆ, ಕೆಲವದ್ರಲ್ಲಿ ಸುತ್ತಿಗೆಯ ಮುದ್ರೆ. ಹಡಗಲ್ಲಿ ಉಜ್ಜಿ ಉಜ್ಜಿ ಅರ್ಧ ಹೋಗಿರ್ತದೆ, 3 ಇದ್ದದ್ದು 8 ಆಗಿರ್ತದೆ. ಹಳೇ ಟ್ಯಾಲಿಯವ ಆ ದಿಮ್ಮಿಯ ಇನ್ನೊಂದು ತುದಿಗೆ ಹೋಗಿ ನೋಡ್ತಾನೆ, ಟೇಪ್ ಹಿಡಿದು ಸುತ್ತಳತೆ ತೆಗೀತಾನೆ, ಪ್ಯಾಕಿಂಗ್ ಲಿಸ್ಟಲ್ಲಿ ಆ ಅಳತೆಯದ್ದು ಯಾವುದು ಬಾಕಿ ಉಂಟು ಅಂತ ಹುಡುಕ್ತಾನೆ, ಸಿಗದಿದ್ರೆ ಶೀಟಿನ ಬದಿಯಲ್ಲಿ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗ್ತಾನೆ. ಆ ಪ್ರಶ್ನೆಚಿಹ್ನೆಗೆ ಆಪ್‌ನಲ್ಲಿ ಜಾಗ ಇಲ್ಲ. ನಂಬ್ರ ಹಾಕದಿದ್ರೆ ಮುಂದಿನ ಪುಟ ತೆರೆಯುವುದಿಲ್ಲ, ಹಿಂದೆ ಕ್ರೇನು ನಿಂತಿದೆ, ಫೋರ್‌ಮನ್ ಕೂಗ್ತಾ ಇದ್ದಾನೆ, ಹುಡುಗ ಎಂತ ಮಾಡ್ತಾನೆ, ಎಂಟೋ ಮೂರೋ ಯಾವುದೋ ಒಂದು ಒತ್ತಿ ಕಳಿಸ್ತಾನೆ. ಗೋಣಿಯದ್ದೂ ಅದೇ ಕತೆ. ನಾನು ಕೆಲ್ಸ ಮಾಡಿದ ಒಂದು ಕಡೆ ಆಯ್ಕೆ ಮೂರೇ ಇತ್ತು, ಸರಿ ಉಂಟು, ಹಾಳಾಗಿದೆ, ಕಮ್ಮಿ ಉಂಟು. ಕೊಕ್ಕೆಯಿಂದ ಸಣ್ಣ ತೂತಾದ ಗೋಣಿ, ಅಂಚು ಮಾತ್ರ ಒದ್ದೆಯಾಗಿ ಒಣಗಿಸಿದ್ರೆ ಸರಿಹೋಗುವ ಗೋಣಿ, ಇವನ್ನೆಲ್ಲ ಯಾವುದಕ್ಕೆ ಹಾಕುವುದು? ಕಾಗದದಲ್ಲಿ ಒಂದು ಗೆರೆ ಬರೆದ್ರೆ ಮುಗೀತಿತ್ತು.

ಜೂನಿಂದ ಮಳೆ. ನಮ್ಮ ಮಳೆ ಎಂಥದ್ದು ಅಂತ ಬೇರೆ ಹೇಳ್ಬೇಕಾಗಿಲ್ಲ. ಗೊಬ್ಬರದ ಹಡಗು ನಿಂತಿರುವಾಗ ಪಡುವಣದಲ್ಲಿ ಮೋಡ ಕಂಡ ಕೂಡ್ಲೇ ಹಡಗಿನ ಮೇಲಿನ ಮುಚ್ಚಳ (ಹ್ಯಾಚ್) ಮುಚ್ಚಿಸ್ತಾರೆ, ಮತ್ತೆ ಯಾವಾಗ ತೆಗೆಯುವುದು ಅಂತ ಹಡಗಿನ ಕ್ಯಾಪ್ಟನ್ನಿಗೂ ಗೊತ್ತಿಲ್ಲ. ಅಂಥ ದಿನ ಆಪ್‌ನಲ್ಲಿ ಹತ್ತು ಗಂಟೆಗೆ ಸ್ಲಾಟ್ ಅಂತ ಇದ್ರೆ ಅದಕ್ಕೆ ಅರ್ಥ ಎಂತ? ಇನ್ನು ಬರುವ ದಾರಿ. ಮಂಜೇಶ್ವರದಿಂದ ಹೊರಟ ಲಾರಿ ಪಂಪ್‌ವೆಲ್, ನಂತೂರು, ಕೊಟ್ಟಾರ, ಕೂಳೂರು ಸೇತುವೆ ಇಷ್ಟು ದಾಟ್ಬೇಕು, ನಂತೂರಲ್ಲಿ ಒಂದು ಬಸ್ಸು ಅಡ್ಡ ನಿಂತ್ರೆ ಸ್ಲಾಟ್ ಹೋಯ್ತು. ಉಪ್ಪಳದವ್ರು ಸ್ಲಾಟ್ ಕಡೆಗೆ ಇರ್ಲಿ ಅಂದಿದ್ದಾರೆ, ಸಂತೋಷ. ಆದ್ರೆ ಸಾಫ್ಟ್‌ವೇರ್ ಮಾರುವವ್ರು ಮೊದ್ಲು ತೋರಿಸುವುದೇ ಸ್ಲಾಟ್, ಯಾಕಂದ್ರೆ ಗೇಟಿನ ಹೊರಗೆ ಲಾರಿ ಸಾಲು ಕಾಣದ ಹಾಗೆ ಆದ್ರೆ ಸಾಹೇಬ್ರಿಗೆ ಖುಷಿ. ಸಾಲು ಎಲ್ಲಿಗೂ ಹೋಗಿರುವುದಿಲ್ಲ, ಬೈಕಂಪಾಡಿಯ ರಸ್ತೆ ಬದಿಗೆ ಹೋಗಿರ್ತದೆ.

ಟೈಮು ಬಡ ಲಾರಿಯವನ ಸಾಕ್ಷಿ ಅಂತ ಬರ್ದಿದ್ದಾರಲ್ಲ, ಆ ಸಾಕ್ಷಿ ಯಾರ ಸರ್ವರಲ್ಲಿ ಇರ್ತದೆ? ಟರ್ಮಿನಲ್ ನಡೆಸುವವ್ರದ್ದು. ಲಾರಿ ಒಳಗೆ ಬಂದ ಟೈಮು ಅವ್ರು ಗೇಟಲ್ಲಿ ಹಾಕ್ತಾರೆ, ಗೇಟಿನ ಹೊರಗೆ ರಾತ್ರಿಯೆಲ್ಲ ನಿಂತದ್ದಕ್ಕೆ ಎಂಟ್ರಿ ಎಲ್ಲುಂಟು? ಲೇಟಾದದ್ದಕ್ಕೆ ಡ್ರೈವರಿಗೆ ಮೆಸೇಜ್ ಬರ್ತದೆ, ಲೋಡರ್ ಇಲ್ಲದ್ದಕ್ಕೆ ಟರ್ಮಿನಲಿಗೆ ಯಾರು ಮೆಸೇಜ್ ಕಳಿಸ್ತಾರೆ. ಫೋನು ಡ್ರೈವರಿಂದು, ಡೇಟಾ ಡ್ರೈವರಿಂದು, ಸ್ಕ್ರೀನ್ ಒಡೆದ್ರೆ ಅದೂ ಅವನದ್ದೇ ಖರ್ಚು. ಫಾಸ್ಟ್ಯಾಗಿನ ಹೋಲಿಕೆ ಇಲ್ಲಿ ಕೂರುವುದಿಲ್ಲ ಮಾರಾಯ್ರೆ, ಟೋಲಲ್ಲಿ ನಾವು ದುಡ್ಡು ಕೊಟ್ಟು ಮುಂದೆ ಹೋಗುವುದು ಮಾತ್ರ, ಮಾಲಿನ ಕಿಲೋ ಪೀಸು ಒಪ್ಪಿಸಿ ಸಹಿ ಹಾಕ್ಲಿಕ್ಕಿಲ್ಲ.

ಮತ್ತೆ ಎಲ್ಲ ಸರಕು ಅಂದ್ರೆ ಎಣ್ಣೆಯೂ ಬಂತು. ಕ್ರೂಡ್ ಅಂದ್ರೆ ಕಚ್ಚಾ ಎಣ್ಣೆ, ಎಲ್‌ಪಿಜಿ ಇಳಿಸುವ ಜೆಟ್ಟಿಗೆ ಮಾಮೂಲಿ ಮೊಬೈಲ್ ತಕೊಂಡು ಹೋಗ್ಲಿಕ್ಕೇ ಬಿಡುವುದಿಲ್ಲ, ಕಿಡಿ ಹಾರದ ಹಾಗೆ ಬೇರೆಯೇ ಮಾಡಿದ ಸೆಟ್ಟು ಬೇಕು, ಅದಕ್ಕೆ ರೇಟು ಗಮ್ಮತ್ತುಂಟು. ಒಂದೇ ಆಪ್‌ನಲ್ಲಿ ಇಡೀ ಬಂದರು ಅನ್ನುವ ಮಾತು ಮೀಟಿಂಗಿಗೆ ಮಾತ್ರ.

ಈಗ ದೊಡ್ಡ ಭಯಕ್ಕೆ ಬರ್ತೇನೆ. 2017ರ ಜೂನಲ್ಲಿ ನಾಟ್‌ಪೆಟ್ಯಾ ಅನ್ನುವ ವೈರಸ್ಸು ಮೇರ್ಸ್ಕ್ ಅನ್ನುವ ಹಡಗು ಕಂಪೆನಿಗೆ ಹೊಕ್ಕಿತು, ಶುರುವಾದದ್ದು ಉಕ್ರೇನಲ್ಲಿ, ಏಟು ಬಿದ್ದದ್ದು ಮುಂಬಯಿ ಹತ್ರದ ಜೆಎನ್‌ಪಿಟಿ ಬಂದರಲ್ಲಿ ಅವ್ರ ಗುಂಪಿನ ಟರ್ಮಿನಲಿಗೂ. ಅಷ್ಟು ದೊಡ್ಡ ಕಂಪೆನಿ, ಸಾವಿರಗಟ್ಟಲೆ ಸರ್ವರು, ಹತ್ತಾರು ಸಾವಿರ ಕಂಪ್ಯೂಟರು ಹೊಸದಾಗಿ ಕೂರಿಸ್ಬೇಕಾಯ್ತು. 2022ರ ಫೆಬ್ರವರಿಯಲ್ಲಿ ಅದೇ ಜೆಎನ್‌ಪಿಟಿಯ ಇನ್ನೊಂದು ಟರ್ಮಿನಲಿಗೆ ಕಂಪ್ಯೂಟರಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್. 2023ರ ಜುಲೈ 4ರಂದು ಜಪಾನಿನ ನಗೋಯಾ, ಕಂಟೇನರ್ ಟರ್ಮಿನಲ್‌ಗಳನ್ನೆಲ್ಲ ಒಂದೇ ಸಿಸ್ಟಮ್ಮಿಗೆ ಜೋಡಿಸಿದ ಬಂದರು, ಸಿಸ್ಟಮ್ ಬಿದ್ದದ್ದೇ ಎಲ್ಲ ಟರ್ಮಿನಲೂ ಒಟ್ಟಿಗೆ ಬಿತ್ತು, ಎರಡು ದಿನಕ್ಕೂ ಜಾಸ್ತಿ ಲಾರಿಗಳು ಕಾದವು. ಜಪಾನಿನವ್ರು ನಮಗಿಂತ ಉದಾಸೀನ ಅಂತ ಯಾರಾದ್ರೂ ಹೇಳ್ತಾರಾ? ಕಂಟೇನರ್ ಆದ್ರೆ ಪೆಟ್ಟಿಗೆ ಹಾಗೇ ಇರ್ತದೆ, ಎರಡು ದಿನ ಬಿಟ್ಟು ತೆಗೆಯಬಹುದು. ಅರ್ಧ ಇಳಿದ ಗೊಬ್ಬರ, ತೆರೆದ ಯಾರ್ಡಲ್ಲಿ ರಾಶಿ ಹಾಕಿದ ಕಲ್ಲಿದ್ದಲು, ಹಡಗಿನ ದಿನಬಾಡಿಗೆ, ಇದಕ್ಕೆಲ್ಲ ಕಾಯುವ ತಾಳ್ಮೆ ಇಲ್ಲ. ಕಾಗದದಲ್ಲಿ ನಡೆಸ್ಲಿಕ್ಕೆ ಗೊತ್ತಿರುವವ್ರು ಆಗ ಬೇಕು, ಆದ್ರೆ ಟ್ಯಾಲಿ ಕ್ಲರ್ಕಿನ ಕೆಲ್ಸಕ್ಕೆ ಹೊಸಬರನ್ನು ತೆಗೆಯುವುದು ನಿಲ್ಲಿಸಿದ್ರೆ ಅಂಥವ್ರು ಹತ್ತು ವರ್ಷದಲ್ಲಿ ರಿಟೈರ್ಡ್ ಆಗಿ ಮನೆಯಲ್ಲಿ ಅಡಿಕೆ ಸುಲೀತಾ ಕೂತಿರ್ತಾರೆ.

ಕಾಟವನ್ನು ಕಂಪ್ಯೂಟರಿಗೆ ಜೋಡಿಸಿ, ನನ್ನ ತಕರಾರಿಲ್ಲ, ಅದು ಮೊದ್ಲೇ ಆಗ್ಬೇಕಿತ್ತು. ಎರಡು ಟ್ಯಾಲಿ ತೆಗೆದು ಒಂದು ಮಾಡುವುದು, ಗೇಟ್ ಪಾಸ್ ಫೋನಲ್ಲಿ ಮಾತ್ರ ಅನ್ನುವುದು, ಇವೆರಡಕ್ಕೆ ನಾನು ಇಲ್ಲ ಅನ್ನುವುದು. ಗೇಟ್ ಕಾಯುವ ಸಿಐಎಸ್ಎಫ್‌ನವ್ರು ಪಾಸ್ ಇಲ್ಲದೆ ಲಾರಿ ಹೊರಗೆ ಬಿಡುವುದಿಲ್ಲ, ಅದು ಅವ್ರ ಡ್ಯೂಟಿ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಿದೆ, ಲೋಡಾದ ಲಾರಿ ಒಳಗೆ ಸಾಲು ನಿಂತಿದೆ, ಆಗ ಕಾಗದದಲ್ಲಿ ಪಾಸ್ ಬರೆದು ಸಹಿ ಹಾಕುವ ಅಧಿಕಾರ ಯಾರಿಗೆ, ಅವನು ಯಾವ ಕಿಟಕಿಯಲ್ಲಿ ಕೂತಿರ್ತಾನೆ ಅಂತ ಟೆಂಡರಲ್ಲೇ ಬರೆದಿರ್ಲಿ, ಆಮೇಲೆ ಆಪ್ ಬಗ್ಗೆ ಮಾತಾಡುವ.