ಸ್ಟೆಪ್ನಿ ಟೆರೇಸ್ ಮೇಲಿದೆ

ನಮ್ಮನೆ ಟೆರೇಸ್ ಮೇಲೆ ಮಾರುತಿ 800ರ ಹಿಂದಿನ ಸೀಟು ಬಿದ್ದಿದೆ, ಅದರ ಮೇಲೆ ನಮ್ಮತ್ತೆ ಹಪ್ಪಳ ಒಣಗಿಸ್ತಾರೆ. ಪಕ್ಕದಲ್ಲಿ ಜಾಕು, ಎರಡು ಸ್ಪೀಕರು. ಇವೆಲ್ಲಾ ಮೇಲೆ ಹತ್ತಿದ್ದು ನಾನು ಡ್ರ್ಯಾಗ್ ರೇಸಿಗೆ ಹೆಸರು ಕೊಟ್ಟ ವಾರ.

ಡ್ರ್ಯಾಗ್ ರೇಸ್ ಅಂದ್ರೆ ಎರಡು ಗಾಡಿ ಪಕ್ಕಪಕ್ಕ ನಿಲ್ಲಿಸಿ ಕಾಲು ಮೈಲಿ, ಅಂದ್ರೆ 402 ಮೀಟರ್ ನೆಟ್ಟಗೆ ಓಡಿಸೋದು, ಅಷ್ಟೇ. ತಿರುವಿಲ್ಲ, ಹಂಪಿಲ್ಲ, ಎಮ್ಮೆ ಅಡ್ಡ ಬರಲ್ಲ, ರಾಂಗ್ ಸೈಡಲ್ಲಿ ಮಂಡಕ್ಕಿ ಚೀಲ ಹೇರ್ಕೊಂಡ ಲಗೇಜ್ ಆಟೋ ಬರಲ್ಲ. ದಾವಣಗೆರೆ ಪಿ.ಬಿ. ರೋಡಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ಇದ್ಯಾವ ಲೆಕ್ಕ? ಓಡಿಸೋಕೆ ಬರುತ್ತೆ, ಗಾಡಿ ಒಂದು ರೆಡಿಯಾದ್ರೆ ಸಾಕು ಅನ್ಕೊಂಡೆ.

ನಮ್ಮ ಮೇಸ್ತ್ರಿ ಬಾನೆಟ್ ಎತ್ತಿ ನೋಡಿ ನಕ್ಕ. "796 ಸಿಸಿ, ಮೂರು ಸಿಲಿಂಡರ್ ಐತಿ ಸರ, ಇದಕ್ಕೆ ಪವರ್ ಎಲ್ಲಿಂದ ತರ್ಲಿ? ತೂಕ ಇಳಿಸ್ರಿ." ಇಳಿಸಿದೆ. ಸೀಟು, ಸ್ಟೆಪ್ನಿ, ಜಾಕು, ಮ್ಯಾಟು, ಸ್ಪೀಕರು ಎಲ್ಲಾ ಬಿಚ್ಚಿ ಗೆಳೆಯನ ಮಂಡಕ್ಕಿ ಭಟ್ಟಿಗೆ ಹೊತ್ಕೊಂಡು ಹೋಗಿ ತಕ್ಕಡಿ ಮೇಲಿಟ್ರೆ 41 ಕೆಜಿ. ಇನ್ನೂ ಏನಾದ್ರೂ ತೆಗೀಬಹುದಾ ಅಂತ ಕೇಳಿದ್ದಕ್ಕೆ ಅವನು ನನ್ನ ಹೊಟ್ಟೆ ನೋಡಿ "ನೀನೇ ಇಳಿದುಬಿಡು" ಅಂದ. ಪೆಟ್ರೋಲು ಲೀಟರಿಗೆ ಹತ್ತತ್ರ ಮುಕ್ಕಾಲು ಕೆಜಿ ತೂಗುತ್ತೆ ಅಂತ ಗೊತ್ತಾದ ಮೇಲೆ ಟ್ಯಾಂಕ್ ತುಂಬಿಸೋದನ್ನೂ ಬಿಟ್ಟೆ. ಟೈರಿನದ್ದು ಬೇರೆ ವಿದ್ಯೆ. ಇದು ಮುಂದಿನ ಚಕ್ರ ಎಳೆಯೋ ಗಾಡಿ, ಜೋರಾಗಿ ಎತ್ತಿದಾಗ ಭಾರ ಎಲ್ಲಾ ಹಿಂದಕ್ಕೆ ಹೋಗುತ್ತೆ, ಮುಂದಿನ ಚಕ್ರ ಹಗುರಾಗಿ ಇದ್ದಲ್ಲೇ ಗಿರಗಿರ ಸುತ್ತುತ್ತೆ, ಅದಕ್ಕೇ ಮುಂದಿನವಕ್ಕೆ ಗಾಳಿ ಇಳಿಸಿ ನೆಲ ಹಿಡಿಯೋ ಹಾಗೆ ಮಾಡ್ಬೇಕು, ಹಿಂದಿನವಕ್ಕೆ ಗಟ್ಟಿ ಹೊಡೆಸ್ಬೇಕು. ಮುಂದೆ 20, ಹಿಂದೆ 34 ಅಂತ ಲೆಕ್ಕ ಹಾಕಿ ಡೈರಿಲಿ ಬರ್ಕೊಂಡೆ.

"ಪ್ರಾಕ್ಟೀಸ್ ಮಾಡೀರೇನ್ ಸರ?" ಅಂತ ಮೇಸ್ತ್ರಿ ಕೇಳಿದ. ನೆಟ್ಟಗೆ ಹೋಗೋಕೆ ಎಂಥಾ ಪ್ರಾಕ್ಟೀಸು ಮಾರಾಯಾ ಅಂದೆ.

ರೇಸ್ ಇದ್ದಿದ್ದು ಬೆಂಗಳೂರು ಕಡೆ ಒಂದು ಏರ್‌ಸ್ಟ್ರಿಪ್ಪಲ್ಲಿ. ಗೆರೆ ಹತ್ರ ಬೆಳಕಿನ ಕಿರಣ ಇರುತ್ತೆ, ಮುಂದಿನ ಚಕ್ರ ತಂದು ಸರಿಯಾಗಿ ಅದಕ್ಕೆ ತಾಗಿಸಿ ನಿಲ್ಲಿಸ್ಬೇಕು. ಮೊದಲನೇ ಟ್ರಯಲ್ಲಲ್ಲಿ ನಾನು ಅದನ್ನ ದಾಟಿ ಆಚೆ ಹೋಗಿ ನಿಂತೆ, ಕೊನೆಗೆ ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರ್ ಮಾಡ್ತಾನಲ್ಲ ಹಾಗೆ ಒಬ್ಬ ಹುಡುಗ "ಬರ್ಲಿ ಬರ್ಲಿ" ಅಂತ ರಿವರ್ಸ್ ತೆಗೆಸಿದ. ಎರಡನೇದ್ರಲ್ಲಿ ಫಸ್ಟಿಂದ ಸೆಕೆಂಡಿಗೆ ಎಳೆಯೋಕೆ ಹೋಗಿ ಫೋರ್ತಿಗೆ ಬಿತ್ತು, ಗಾಡಿ ಕೆಮ್ಮು ಹತ್ತಿದ ಅಜ್ಜನ ಥರ ಹೋಯ್ತು. ಇರ್ಲಿ, ಅವು ಲೆಕ್ಕಕ್ಕಿಲ್ಲ.

ಲೆಕ್ಕಕ್ಕಿದ್ದ ರೌಂಡಲ್ಲಿ ಪಕ್ಕಕ್ಕೆ ಬಂದಿದ್ದು ಇನ್ನೊಂದು 800. ಚಿತ್ರದುರ್ಗದ ರಿಟೈರ್ಡ್ ಮೇಷ್ಟ್ರು. ಸೀಟು ಇದ್ದಲ್ಲೇ ಇದೆ, ಅದಕ್ಕೆ ಟರ್ಕಿ ಟವೆಲ್ ಬೇರೆ, ಡಿಕ್ಕಿಲಿ ಸ್ಟೆಪ್ನಿ ಬೋಲ್ಟ್ ಹಾಕಿದ್ದು ಹಾಕಿದ ಹಾಗೇ ಇದೆ. ನನಗೆ ಪಾಪ ಅನ್ನಿಸ್ತು.

ಎದುರಿಗೆ ಲೈಟಿನ ಕಂಬ, ಅದಕ್ಕೆ ಕ್ರಿಸ್‌ಮಸ್ ಟ್ರೀ ಅಂತಾರೆ. ಹಳದಿ ದೀಪ ಮೂರು, ಅರ್ಧರ್ಧ ಸೆಕೆಂಡಿಗೆ ಒಂದೊಂದು ಹತ್ತುತ್ತೆ, ಆಮೇಲೆ ಹಸಿರು. ಗೊತ್ತಿರೋರು ಕೊನೇ ಹಳದಿಗೇ ಕ್ಲಚ್ ಬಿಡ್ತಾರೆ, ಗಾಡಿ ಅಲ್ಲಾಡೋ ಹೊತ್ತಿಗೆ ಹಸಿರು ಬಂದಿರುತ್ತೆ. ನಾನು ಹಸಿರಿಗೆ ಕಾಯ್ತಾ ಕೂತೆ. ಹಸಿರು ಬಂತು. ಆಗ್ಲೂ ಕೂತಿದ್ದೆ. ಯಾಕಂದ್ರೆ ನಮ್ಮೂರಲ್ಲಿ ನಾನು ಇಷ್ಟು ವರ್ಷ ಗಾಡಿ ಎತ್ತಿದ್ದು ಲೈಟ್ ನೋಡಿ ಅಲ್ಲ, ಹಿಂದಿನವನ ಹಾರ್ನ್ ಕೇಳಿ! ಅಶೋಕ ಟಾಕೀಸ್ ಹತ್ರದ ರೈಲ್ವೆ ಗೇಟಲ್ಲಿ ಎಷ್ಟೋ ಸಲ ಹೀಗೇ ಕಣ್ಣು ಮುಚ್ಚಿ ಕೂತಿದ್ದು ಹಾರ್ನಿಗೆ ಎದ್ದು ಹೊರಟಿದ್ದೀನಿ. ಇಲ್ಲಿ ಹಿಂದೆ ಒಬ್ನೂ ಹಾರ್ನ್ ಹೊಡೀಲಿಲ್ಲ.

ಮೇಷ್ಟ್ರ ಹಿಂದಿನ ಗ್ಲಾಸಿನ ಮೇಲೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಮಾತು ಬರೆಸಿದ್ರು, "ಮಾಡಿದಷ್ಟು ನೀಡು ಭಿಕ್ಷೆ". 402 ಮೀಟರೂ ಅದನ್ನೇ ಓದ್ಕೊಂಡು ಹೋದೆ.

ಮುಗಿದ ಮೇಲೆ ಒಂದು ಚೀಟಿ ಕೊಡ್ತಾರೆ, ಮರ್ಯಾದೆ ತೆಗೆಯೋಕೆ ಅಂತಲೇ ಮಾಡಿರೋದು ಅದು. ಓಡಿದ ಟೈಮು ನಂದು 20.62, ಮೇಷ್ಟ್ರದ್ದು 20.90. ಅಂದ್ರೆ ನನ್ನ ಗಾಡಿನೇ ಫಾಸ್ಟು! ಓಡಿ ಹೋಗಿ ಜಗಳ ತೆಗೆದೆ. ಅಲ್ಲಿದ್ದ ಹುಡುಗ ಮೇಲಿನ ಸಾಲು ತೋರಿಸಿದ. ಹಸಿರು ಬಿದ್ದ ಮೇಲೆ ಹೊರಡೋಕೆ ಮೇಷ್ಟ್ರು ತಗೊಂಡಿದ್ದು 0.34 ಸೆಕೆಂಡು, ನಾನು 1.31. ಓಡಿದ ಟೈಮಿನ ಗಡಿಯಾರ ಶುರುವಾಗೋದು ಹಸಿರಿಗಲ್ಲ, ಚಕ್ರ ಗೆರೆ ಬಿಟ್ಟಾಗ. ಗೆಲ್ಲೋದು ಮಾತ್ರ ಆ ಕಡೆ ಮೊದಲು ಮುಟ್ಟಿದವನು. 41 ಕೆಜಿ ಬಿಚ್ಚಿ ಉಳಿಸಿದ್ದು 0.28 ಸೆಕೆಂಡು, ಸುಮ್ನೆ ಕೂತು ಕಳ್ಕೊಂಡಿದ್ದು 0.97. ಗಾಡಿ ಪಾಸು, ನಾನು ಫೇಲು.

ಆ ಸಿಟ್ಟಲ್ಲಿ ಮುಂದಿನ ಟೈರಿಗೆ ಮತ್ತೆ ಗಾಳಿ ಹೊಡೆಸೋದು ಮರೆತೇ ಹೋಯ್ತು. ಹೈವೇ ಬಿಸಿಲಲ್ಲಿ ಮೆತ್ತಗಿನ ಟೈರು ಎಷ್ಟು ದೂರ ತಡೆಯುತ್ತೆ, ಹಿರಿಯೂರು ಇನ್ನೂ ಮುಟ್ಟಿರ್ಲಿಲ್ಲ, ಎಡಗಡೆದು ಢಂ ಅಂತು. ಡಿಕ್ಕಿ ತೆಗೆದೆ, ನೆನಪಾಯ್ತು, ಮುಚ್ಚಿದೆ. ಟೈಮ್ ಪಾಸಿಗೆ ಮೊಬೈಲ್ ನೋಡಿದ್ರೆ ಈ ಸ್ಟೆಪ್ನಿ ಅನ್ನೋ ಪದ ವೇಲ್ಸ್ ದೇಶದ ಲ್ಲಾನೆಲ್ಲಿ ಅನ್ನೋ ಊರಿನ ಸ್ಟೆಪ್ನಿ ಬೀದಿಯಿಂದ ಬಂದಿದ್ದಂತೆ. ಹೆಸರು ವೇಲ್ಸಿಂದ ಹಿರಿಯೂರಿನವರೆಗೂ ಬಂದಿದೆ, ನಂದು ದಾವಣಗೆರೆ ಟೆರೇಸಿಂದ ಕೆಳಗಿಳಿದಿಲ್ಲ.

ಅರ್ಧ ಗಂಟೆ ಬಿಟ್ಟು ಒಂದು ಬಿಳಿ 800 ಬಂದು ನಿಂತ್ಕೊಂತು. ಮೇಷ್ಟ್ರು ಏನೂ ಕೇಳಲಿಲ್ಲ, ತಾವೇ ಜಾಕ್ ಹಾಕಿ ತಮ್ಮ ಸ್ಟೆಪ್ನಿ ಬಿಚ್ಚಿ ಕೊಟ್ರು. ನನಗೆ ಮುಖ ಎತ್ತೋಕಾಗ್ತಿಲ್ಲ, "ನಾಳೆ ಬೆಳಗ್ಗೇನೇ ದುರ್ಗಕ್ಕೆ ಬಂದು ವಾಪಸ್ ಕೊಡ್ತೀನಿ ಸರ್" ಅಂದೆ.

"ಅರ್ಜೆಂಟೇನಿಲ್ಲ ಕಣಪ್ಪ" ಅಂದ್ರು, "ನೀನು ಹೆಂಗೂ ಲೇಟಾಗೇ ಹೊರಡೋನು."