ದಾವೀದ ಎರಡನೇ ಸಲವೂ ಕೇಳಿದ

ಎರಡು ವರ್ಷದ ಹಿಂದೆ ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬ ಅಕ್ಕ ಸಾಕ್ಷಿ ಹೇಳಿದರು, ಅಂದರೆ ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ಹಂಚಿಕೊಂಡರು. ಬೆಳಗಿನ ಜಾವ 4 ಗಂಟೆಗೆ ಎದ್ದು ಪ್ರಾರ್ಥನೆ, 21 ದಿನ ಉಪವಾಸ. ಕೊನೆಗೆ ಮಗನಿಗೆ ಕೆಲಸ ಸಿಕ್ಕಿತು. ಕೇಳುತ್ತಾ ನನ್ನ ಕಣ್ಣು ತುಂಬಿ ಬಂತು. ಮಾರನೇ ದಿನದಿಂದಲೇ ನಾನೂ ಶುರು ಮಾಡಿದೆ. ಅದೇ 4 ಗಂಟೆ, ಅದೇ 21 ದಿನ. ಅವರ ಹಾಗೇ ಒಂದು ನೋಟ್‌ಬುಕ್ಕು, ಅದರಲ್ಲಿ ಕೆಂಪು ಪೆನ್ನಿನಲ್ಲಿ ಬರೆದ ವಾಕ್ಯ.

ಆಗ ನನ್ನ ಮಗಳಿಗೆ ಎಂಟು ತಿಂಗಳು. ಇನ್ನೂ ಹಾಲು ಕುಡಿಯುತ್ತಿದ್ದಳು, ರಾತ್ರಿ ಮೂರು ಸಲ ಏಳುತ್ತಿದ್ದಳು. ಆರನೇ ದಿನ ಮೊಣಕಾಲೂರಿದವಳು ಮಂಚಕ್ಕೆ ತಲೆ ಆನಿಸಿ ಹಾಗೇ ನಿದ್ದೆ ಹೋದೆ. ಎಚ್ಚರವಾದಾಗ ಆರೂವರೆ. ತಲೆ ಸುತ್ತುತ್ತಿತ್ತು, ಮಗು ಅಳುತ್ತಿತ್ತು. ನಾನು ದೇವರಿಗೆ ಬೇಡವಾದೆ ಅಂತ ಅತ್ತುಬಿಟ್ಟೆ.

ಆ ಅಕ್ಕನ ಸಾಕ್ಷಿ ನೂರಕ್ಕೆ ನೂರು ನಿಜ. ದೇವರು ಅವರಿಗೆ ಹೇಳಿದರು, ಅವರು ಮಾಡಿದರು. ನನಗೆ ಏನು ಹೇಳುತ್ತಾರೆ ಅಂತ ನಾನು ಕೇಳಿಯೇ ಇರಲಿಲ್ಲ.

ಬೈಬಲಿನ ಎರಡನೆಯ ಸಮುವೇಲ ಪುಸ್ತಕದ 5ನೇ ಅಧ್ಯಾಯ ಆಮೇಲೆ ನನ್ನನ್ನು ಹಿಡಿದು ನಿಲ್ಲಿಸಿತು. ಶತ್ರುಗಳಾದ ಫಿಲಿಷ್ಟಿಯರು ರೆಫಾಯಿಮ್ ತಗ್ಗಿಗೆ ಬಂದು ಇಳಿದಿದ್ದಾರೆ. ಇಸ್ರಾಯೇಲಿನ ರಾಜ ದಾವೀದ, ಯುದ್ಧಕ್ಕೆ ಹೋಗಲೇ ಅಂತ ದೇವರನ್ನು ಕೇಳುತ್ತಾನೆ. ಹೋಗು ಅನ್ನುತ್ತಾರೆ, ಹೋಗಿ ಗೆಲ್ಲುತ್ತಾನೆ. ಸ್ವಲ್ಪ ದಿನಕ್ಕೆ ಅದೇ ಶತ್ರು, ಅದೇ ತಗ್ಗು. ನಾವಾಗಿದ್ದರೆ ಹೋದ ಸಲದ ಹಾಗೇ ನುಗ್ಗುತ್ತಿದ್ದೆವು, ಅಲ್ವಾ? ದಾವೀದ ಮತ್ತೆ ಕೇಳಿದ. ಈ ಸಲ ಬಂದ ಉತ್ತರವೇ ಬೇರೆ: ಎದುರಿನಿಂದ ಹೋಗಬೇಡ, ಸುತ್ತಿಕೊಂಡು ಹಿಂದಿನಿಂದ ಹೋಗು. ಮರಗಳ ತುದಿಯಲ್ಲಿ ಹೆಜ್ಜೆ ಸಪ್ಪಳ ಕೇಳಿಸುವವರೆಗೆ ಕಾದಿರು. ಆ ಸೈನಿಕರನ್ನು ನೆನೆಸಿಕೊಳ್ಳಿ. ಹೋದ ಸಲ ಗೆದ್ದವರು, ಈಗ ಮರದ ಕಡೆ ಕಿವಿಗೊಟ್ಟು ಸುಮ್ನೆ ಕೂತಿದ್ದಾರೆ. ಎಷ್ಟು ಕಷ್ಟ! ಬೇರೆಯವರ ಮಾತು ಹಾಗಿರಲಿ, ದಾವೀದ ತನ್ನ ಹಳೇ ಗೆಲುವನ್ನೂ ನಕಲು ಮಾಡಲಿಲ್ಲ.

ಸ್ವಿಟ್ಜರ್ಲೆಂಡಿನಿಂದ ನಮ್ಮ ನಾಡಿಗೆ ಬಂದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರನ್ನೇ ನೋಡಿ. ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ತಂದರು. ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಕಿಟ್ಟೆಲ್ ವರ್ಷಗಟ್ಟಲೆ ಪದ ಕೂಡಿಸಿದರು, ನಿಘಂಟು ಅಚ್ಚಾದದ್ದು 1894ರಲ್ಲಿ. ಒಂದೇ ಮಿಷನ್, ಒಂದೇ ನಂಬಿಕೆ. ಹೆಂಚಿನ ಕೆಲಸವೇ ದೊಡ್ಡದು ಅಂತ ಕಿಟ್ಟೆಲ್ ಕೂಡ ಮಣ್ಣು ಕಲಸಲು ಹೋಗಿದ್ದರೆ?

ಈಗ ಸಭೆಗಳಲ್ಲಿ ನಕಲು ಜಾಸ್ತಿ ಆಗುತ್ತಿದೆ ಅನ್ನೋದು ನನ್ನ ನೋವು. ಯಾರೋ ಕೆಲಸ ಬಿಟ್ಟು ಸೇವೆಗೆ ಇಳಿದರು ಅಂತ ಇನ್ನೊಬ್ಬರೂ ರಾಜೀನಾಮೆ ಕೊಡುತ್ತಾರೆ. ಮನೆ ಬಾಡಿಗೆ ಕಟ್ಟುವ ಹೊತ್ತಿಗೆ ಅವರ ನಂಬಿಕೆಯೇ ಅಲ್ಲಾಡಿ ಹೋಗಿರುತ್ತದೆ. ಸಾಕ್ಷಿ ಕೇಳಿ ಧೈರ್ಯ ತಂದುಕೊಳ್ಳೋಣ. ಆದರೆ ಅದನ್ನು ಅಡುಗೆ ಪುಸ್ತಕದ ಥರ ಬಳಸೋದು ಬೇಡ.

ನಾನು ಕೊನೆಗೂ ಕೇಳಿದೆ. ಮಧ್ಯಾಹ್ನ ಮಗಳನ್ನು ಮಲಗಿಸಿ, ಹುರುಳಿಕಾಯಿ ಬಿಡಿಸುತ್ತಾ, ಕರ್ತನೇ ನಾನೇನು ಮಾಡಲಿ ಅಂತ. ಯಾವ ದೊಡ್ಡ ದನಿಯೂ ಕೇಳಿಸಲಿಲ್ಲ. ಪಕ್ಕದ ಮನೆ ಅಜ್ಜಿಯ ನೆನಪು ಮಾತ್ರ ಬಿಡದೆ ಬಂತು. ಅವರಿಗೆ ಕಣ್ಣು ಮಂಜು, ಬೈಬಲ್ ಓದಲು ಆಗುವುದಿಲ್ಲ. ಅವತ್ತು ಸಂಜೆ ಮಗಳನ್ನು ಎತ್ತಿಕೊಂಡು ಹೋಗಿ ಒಂದು ಕೀರ್ತನೆ ಓದಿದೆ. ಈಗ ದಿನಾ ಹೋಗುತ್ತೇನೆ. ನಿನ್ನೆ 103ನೇ ಕೀರ್ತನೆ ಮುಗಿಸಿದಾಗ ಅಜ್ಜಿ ನನ್ನ ಕೈ ಹಿಡಿದು, ಇನ್ನೊಂದು ಸಲ ಓದವ್ವ ಅಂದರು.